ಎಫ್‌ಪಿವಿ ಡ್ರೋನ್: ಮೊದಲು ಬೆರಳು ಪಳಗಲಿ

ಎಫ್‌ಪಿವಿ ಡ್ರೋನ್ ಹಾರಿಸುವ ಆಸೆ ಹುಟ್ಟಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಡ್ರೋನ್ ತಗೊಳ್ಳಲಿ? ನಾನು ಕೊಡುವ ಉತ್ತರವೂ ಒಂದೇ. ಈಗಲೇ ಡ್ರೋನ್ ಬೇಡ. ಒಂದು ಒಳ್ಳೆಯ ರಿಮೋಟ್ ತಗೊಳ್ಳಿ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಒಂದು ತಿಂಗಳು ಸಿಮ್ಯುಲೇಟರಿನಲ್ಲಿ, ಅಂದರೆ ಪರದೆಯ ಮೇಲೆ ಡ್ರೋನ್ ಹಾರಿಸುವ ಗೇಮಿನಂಥ ಸಾಫ್ಟ್‌ವೇರಿನಲ್ಲಿ, ಹಾರಿಸಿ. ಇದನ್ನು ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೆ ಹೀಗೆ ಹೇಳುವುದಕ್ಕೆ ಗಟ್ಟಿ ಕಾರಣ ಇದೆ. ಆ ಕಾರಣ ತಿಳಿದರೆ ಈ ಹವ್ಯಾಸದ ಮುಕ್ಕಾಲು ಪಾಲು ತಿಳಿದ ಹಾಗೆ.

ಎಫ್‌ಪಿವಿ ಅಂದರೆ ಫಸ್ಟ್ ಪರ್ಸನ್ ವ್ಯೂ. ಡ್ರೋನಿನ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ಅದು ನೋಡಿದ್ದೆಲ್ಲ ಆಗಿಂದಾಗ್ಗೆ ನೀವು ಹಾಕಿಕೊಂಡ ಗಾಗಲ್ಸ್ ಒಳಗೆ ಕಾಣುತ್ತದೆ. ಕಾಲು ನೆಲದ ಮೇಲೆ, ಕಣ್ಣು ಮರದ ತುದಿಯಲ್ಲಿ. ಮೊದಲ ಸಲ ಗಾಗಲ್ಸ್ ಹಾಕಿದವರು ಡ್ರೋನ್ ತಿರುಗಿದಾಗ ತಾವೂ ಮೈ ವಾಲಿಸುತ್ತಾರೆ. ಕೆಲವರಿಗೆ ತಲೆ ಸುತ್ತುತ್ತದೆ. ಹಾಗಾಗಿ ಮೊದಮೊದಲು ಕುರ್ಚಿಯಲ್ಲಿ ಕೂತು ಹಾರಿಸುವುದು ಒಳ್ಳೆಯದು.

ಕೈ ಬಿಟ್ಟರೆ ನಿಲ್ಲದ ಡ್ರೋನ್

ಫೋಟೊ, ವಿಡಿಯೊ ತೆಗೆಯುವ ಸಾಮಾನ್ಯ ಡ್ರೋನ್ ನೋಡಿರುತ್ತೀರಿ. ರಿಮೋಟಿನ ಸ್ಟಿಕ್ ಬಿಟ್ಟರೆ ಅದು ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ. ಜಿಪಿಎಸ್, ಎತ್ತರ ಅಳೆಯುವ ಬ್ಯಾರೋಮೀಟರ್, ಕೆಳಗೆ ನೋಡುವ ಸೆನ್ಸರ್ ಎಲ್ಲ ಸೇರಿ ಅದನ್ನು ಹಿಡಿದಿಟ್ಟಿರುತ್ತವೆ. ಎಫ್‌ಪಿವಿ ಹವ್ಯಾಸಿಗಳ ಡ್ರೋನ್ ಹಾಗಲ್ಲ. ಅದನ್ನು ಹಾರಿಸುವುದು ಆಕ್ರೊ ಮೋಡ್‌ನಲ್ಲಿ. ಈ ಒಂದು ಪದ ಸರಿಯಾಗಿ ಅರ್ಥವಾಗಬೇಕು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಂಗಲ್ ಮೋಡ್ ಅಂತ ಇನ್ನೊಂದಿದೆ. ಅದರಲ್ಲಿ ಸ್ಟಿಕ್ ಎಷ್ಟು ವಾಲುತ್ತದೋ ಡ್ರೋನ್ ಕೂಡ ಅದಕ್ಕೆ ತಕ್ಕಷ್ಟೇ ವಾಲುತ್ತದೆ. ಸ್ಟಿಕ್ ನಡುವಿಗೆ ಬಂದರೆ ಡ್ರೋನ್ ತಾನಾಗಿಯೇ ನೇರವಾಗುತ್ತದೆ. ಆಕ್ರೊದಲ್ಲಿ ಸ್ಟಿಕ್ಕಿನ ಅರ್ಥವೇ ಬೇರೆ. ಎಷ್ಟು ವೇಗವಾಗಿ ಹೊರಳಬೇಕು ಅನ್ನುವುದನ್ನು ಅದು ಹೇಳುತ್ತದೆ. ಬಲಕ್ಕೆ ತಳ್ಳಿದರೆ ಡ್ರೋನ್ ಬಲಕ್ಕೆ ಹೊರಳಲು ಶುರು ಮಾಡುತ್ತದೆ. ತಳ್ಳಿ ಹಿಡಿದೇ ಇದ್ದರೆ ಹೊರಳುತ್ತಲೇ ಇರುತ್ತದೆ, ಪಲ್ಟಿ ಮೇಲೆ ಪಲ್ಟಿ. ಸ್ಟಿಕ್ ನಡುವಿಗೆ ತಂದರೆ ಹೊರಳುವುದು ನಿಲ್ಲುತ್ತದೆ, ಅಷ್ಟೇ. ವಾಲಿದ್ದು ವಾಲಿಕೊಂಡೇ ಇರುತ್ತದೆ. ಅದನ್ನು ನೇರ ಮಾಡಬೇಕಾದರೆ ಎಡಕ್ಕೆ ಅಷ್ಟೇ ಹದವಾಗಿ ತಳ್ಳಬೇಕು. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಲೆಕ್ಕ ಇಡುವವರು ನೀವೇ.

ವೇಗ ಎಷ್ಟು ಅಂತ ಕೇಳಿದರೆ, ಡ್ರೋನಿನೊಳಗೆ ಓಡುವ ಬೀಟಾಫ್ಲೈಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಏನೂ ಬದಲಿಸದೆ ಬಿಟ್ಟರೆ ಸ್ಟಿಕ್ ಪೂರ್ತಿ ತಳ್ಳಿದಾಗ ಸೆಕೆಂಡಿಗೆ 670 ಡಿಗ್ರಿ. ಅಂದರೆ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಎರಡು ಪಲ್ಟಿ. ಈಗ ತಾನೇ ಕಲಿಯಲು ಬಂದ ಹೆಬ್ಬೆರಳಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹಾಗಾದರೆ ಸುಲಭವಾದ ಆಂಗಲ್ ಮೋಡ್ ಬಿಟ್ಟು ಇದನ್ನೇ ಯಾಕೆ ಕಲಿಯಬೇಕು? ಪಲ್ಟಿ ಹೊಡೆಯಲು ಅಂತ ಹೆಚ್ಚಿನವರು ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದಿದೆ. ಮುಂದಕ್ಕೆ ಹಾರಬೇಕಾದರೆ ಡ್ರೋನ್ ಮೂತಿ ತಗ್ಗಿಸಬೇಕು. ಆಂಗಲ್ ಮೋಡ್‌ನಲ್ಲಿ ಹಾರುವಷ್ಟು ಹೊತ್ತೂ ಸ್ಟಿಕ್ ಅನ್ನು ಒತ್ತಿ ಹಿಡಿದಿರಬೇಕು. ಬೆರಳು ಸ್ವಲ್ಪ ಸಡಿಲಾದರೂ ಡ್ರೋನ್ ಮೂತಿ ಎತ್ತುತ್ತದೆ, ದೃಶ್ಯ ಕುಲುಕುತ್ತದೆ. ಆಕ್ರೊದಲ್ಲಿ ಒಂದು ಸಲ ಮೂತಿ ತಗ್ಗಿಸಿ ಬೆರಳು ಬಿಟ್ಟರೆ ಸಾಕು. ಡ್ರೋನ್ ಅದೇ ಭಂಗಿಯಲ್ಲಿ ಜಾರುತ್ತಾ ಹೋಗುತ್ತದೆ. ನೀರಿನ ಹಾಗೆ ಹರಿಯುವ ಎಫ್‌ಪಿವಿ ವಿಡಿಯೊಗಳ ಗುಟ್ಟು ಇದೇ. ಅಲ್ಲಿ ಬೆರಳು ಮಾಡುವ ಕೆಲಸ ಬಹಳ ಕಡಿಮೆ.

ಇನ್ನು ಥ್ರಾಟಲ್, ಅಂದರೆ ಮೋಟಾರುಗಳ ಬಲ ಏರಿಸಿ ಇಳಿಸುವುದು. ಹೆಚ್ಚಿನವರು ಬಳಸುವುದು ಮೋಡ್ 2 ಅನ್ನುವ ಜೋಡಣೆ. ಅದರಲ್ಲಿ ಎಡಗೈ ಸ್ಟಿಕ್ ಮೇಲೆ ಕೆಳಗೆ ಹೋದರೆ ಥ್ರಾಟಲ್, ಅಕ್ಕಪಕ್ಕ ಹೋದರೆ ಯಾ, ಅಂದರೆ ಮೂತಿ ಎಡಕ್ಕೆ ಬಲಕ್ಕೆ ತಿರುಗುವುದು. ಬಲಗೈ ಸ್ಟಿಕ್‌ಗೆ ಪಿಚ್ (ಮೂತಿ ತಗ್ಗಿಸುವುದು, ಎತ್ತುವುದು) ಮತ್ತು ರೋಲ್ (ಎಡಕ್ಕೆ ಬಲಕ್ಕೆ ಹೊರಳುವುದು). ಥ್ರಾಟಲ್‌ಗೆ ಮಾತ್ರ ನಡುವಿಗೆ ಎಳೆಯುವ ಸ್ಪ್ರಿಂಗ್ ಇರುವುದಿಲ್ಲ. ಬಿಟ್ಟಲ್ಲೇ ನಿಲ್ಲುತ್ತದೆ. ಎತ್ತರವನ್ನು ಕಾಯುವುದು ನಿಮ್ಮ ಎಡ ಹೆಬ್ಬೆರಳೇ. ಡ್ರೋನ್ ವಾಲಿದಷ್ಟೂ ಅದರ ಬಲದ ಒಂದು ಪಾಲು ಮುಂದಕ್ಕೆ ತಳ್ಳಲು ಹೋಗುತ್ತದೆ, ಎತ್ತಿ ಹಿಡಿಯಲು ಉಳಿಯುವುದು ಕಡಿಮೆ. 30 ಡಿಗ್ರಿ ವಾಲಿದರೆ ಸುಮಾರು 15 ಶೇಕಡಾ ಜಾಸ್ತಿ ಬಲ ಬೇಕು. 60 ಡಿಗ್ರಿ ವಾಲಿದರೆ ಎರಡರಷ್ಟು. ಹೊಸಬರು ತಿರುವಿನಲ್ಲಿ ನೆಲಕ್ಕೆ ಬೀಳುವುದು ಬಹುಪಾಲು ಇದೇ ಕಾರಣಕ್ಕೆ. ಡ್ರೋನ್ ವಾಲಿಸಿರುತ್ತಾರೆ, ಥ್ರಾಟಲ್ ಏರಿಸಿರುವುದಿಲ್ಲ.

ತಿರುವಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಡ್ರೋನ್ ಮೂತಿ ತಗ್ಗಿಸಿ ಹಾರುವುದರಿಂದ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ ಕೂರಿಸಿರುತ್ತಾರೆ. ಕ್ಯಾಮೆರಾ 25 ಡಿಗ್ರಿ ಮೇಲೆ ನೋಡುತ್ತಿದ್ದರೆ, ಡ್ರೋನ್ 25 ಡಿಗ್ರಿ ತಗ್ಗಿದಾಗ ನಿಮಗೆ ದೃಶ್ಯ ಸಮನಾಗಿ ಕಾಣುತ್ತದೆ. ಹಾಗಾಗಿ ಈ ಕೋನ ಜಾಸ್ತಿ ಇಟ್ಟಷ್ಟೂ ನೀವು ಬೇಡವೆಂದರೂ ವೇಗವಾಗಿ ಹಾರುತ್ತೀರಿ. ಕಲಿಯುವಾಗ 15ರಿಂದ 25 ಡಿಗ್ರಿ ಸಾಕು. ರೇಸ್ ಹಾರಿಸುವವರು 40 ದಾಟಿಸುತ್ತಾರೆ. ಈ ಓರೆಯಿಂದ ಇನ್ನೊಂದು ಪರಿಣಾಮವೂ ಇದೆ. ಬಲಕ್ಕೆ ಬರೀ ಯಾ ಕೊಟ್ಟರೆ ನೀವು ಎಡಕ್ಕೆ ವಾಲಿದ ಹಾಗೆ ಕಾಣುತ್ತದೆ. ಅದನ್ನು ಸರಿದೂಗಿಸಲು ರೋಲ್ ಕೂಡ ಬಲಕ್ಕೇ ಕೊಡಬೇಕು. ಎರಡೂ ಹೆಬ್ಬೆರಳು ಒಂದೇ ಕಡೆಗೆ, ಒಟ್ಟಿಗೆ, ಜೊತೆಗೆ ಚೂರು ಥ್ರಾಟಲ್. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಸೈಕಲ್ ಹೊಡೆಯುವುದನ್ನು ಓದಿ ಕಲಿತವರು ಯಾರಾದರೂ ಇದ್ದಾರಾ? ಬೆರಳೇ ಪಳಗಬೇಕು.

ಸಿಮ್ಯುಲೇಟರ್ ಬೇಕೇಬೇಕು ಅನ್ನುವುದು ಇದಕ್ಕೇ. ನಿಜವಾದ ಡ್ರೋನ್ ಬಿದ್ದರೆ ಹುಡುಕಬೇಕು, ಮುರಿದದ್ದು ಬದಲಿಸಬೇಕು. ಆಮೇಲೆ ಇನ್ನೊಂದು ಸಲ ಹಾರಬೇಕು. ಸಿಮ್ಯುಲೇಟರಿನಲ್ಲಿ ಒಂದು ಗುಂಡಿ ಒತ್ತಿದರೆ ಮತ್ತೆ ಹಾರಾಟ. ಅರ್ಧ ಗಂಟೆಯಲ್ಲಿ ನೂರು ಸಲ ಬೀಳಬಹುದು. ಆ ನೂರು ಬೀಳುಗಳಲ್ಲೇ ಬೆರಳು ಕಲಿಯುತ್ತದೆ.

ಬೆರಳಿನಿಂದ ಮೋಟಾರಿಗೆ, ಕ್ಯಾಮೆರಾದಿಂದ ಕಣ್ಣಿಗೆ

ಹೊಸಬರನ್ನು ಹೆದರಿಸುವ ಇನ್ನೊಂದು ಸಂಗತಿ ಬಿಡಿಭಾಗಗಳ ಹೆಸರುಗಳ ರಾಶಿ. ವಿಟಿಎಕ್ಸ್, ಇಎಸ್‌ಸಿ, ಇಎಲ್‌ಆರ್‌ಎಸ್, ಎಫ್‌ಸಿ. ಬಾಯಿಪಾಠ ಮಾಡಲು ಹೋಗಬೇಡಿ. ಇಡೀ ವ್ಯವಸ್ಥೆಯಲ್ಲಿ ಇರುವುದು ಎರಡೇ ದಾರಿ. ಒಂದು ನಿಮ್ಮ ಬೆರಳಿನಿಂದ ಮೋಟಾರಿಗೆ ಹೋಗುತ್ತದೆ. ಇನ್ನೊಂದು ಕ್ಯಾಮೆರಾದಿಂದ ನಿಮ್ಮ ಕಣ್ಣಿಗೆ ಬರುತ್ತದೆ. ಪ್ರತಿ ಬಿಡಿಭಾಗವೂ ಈ ದಾರಿಗಳ ಮೇಲೆ ಎಲ್ಲೋ ಒಂದು ಕಡೆ ಕೂತಿದೆ.

ಮೊದಲ ದಾರಿ. ಸ್ಟಿಕ್ ಅಲುಗಿಸಿದಿರಿ. ರಿಮೋಟ್ ಅದನ್ನು ರೇಡಿಯೊ ಅಲೆಯಾಗಿ ಕಳಿಸುತ್ತದೆ. ಡ್ರೋನಿನಲ್ಲಿ ಉಗುರಿನಷ್ಟು ದೊಡ್ಡ ರಿಸೀವರ್ ಅದನ್ನು ಹಿಡಿದು ಫ್ಲೈಟ್ ಕಂಟ್ರೋಲರ್‌ಗೆ ಕೊಡುತ್ತದೆ. ಇದೇ ಎಫ್‌ಸಿ, ಡ್ರೋನಿನ ಮೆದುಳು. ಅದರಲ್ಲಿ ಗೈರೊ ಇದೆ. ಡ್ರೋನ್ ಯಾವ ಕಡೆಗೆ ಎಷ್ಟು ವೇಗವಾಗಿ ಹೊರಳುತ್ತಿದೆ ಅಂತ ಅದು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ನೀವು ಕೇಳಿದ ವೇಗಕ್ಕೂ ಆಗುತ್ತಿರುವ ವೇಗಕ್ಕೂ ವ್ಯತ್ಯಾಸ ಕಂಡರೆ ಯಾವ ಮೋಟಾರ್ ಜೋರಾಗಬೇಕು, ಯಾವುದು ನಿಧಾನವಾಗಬೇಕು ಅಂತ ಲೆಕ್ಕ ಹಾಕುತ್ತದೆ. ಆ ಮಾತನ್ನು ಮೋಟಾರಿಗೆ ಮುಟ್ಟಿಸುವುದು ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್. ನಾಲ್ಕು ಮೋಟಾರುಗಳಲ್ಲಿ ಎರಡು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎರಡು ಎದುರು ದಿಕ್ಕಿಗೆ ಸುತ್ತುತ್ತವೆ. ಒಂದು ಕರ್ಣದ ಜೋಡಿ ಜೋರಾಗಿ ಇನ್ನೊಂದು ಜೋಡಿ ನಿಧಾನವಾದರೆ ಡ್ರೋನ್ ನಿಂತಲ್ಲೇ ತಿರುಗುತ್ತದೆ. ಯಾ ಅಂದರೆ ಇದೇ.

ಈ ಮೆದುಳಿನೊಳಗಿನ ಸಾಫ್ಟ್‌ವೇರಿನ ಕಥೆ ನನಗೆ ತುಂಬ ಇಷ್ಟ. ಆರಂಭದ ದಿನಗಳಲ್ಲಿ ಹವ್ಯಾಸಿಗಳು ನಿಂಟೆಂಡೊ ವೀ ಅನ್ನುವ ವಿಡಿಯೊ ಗೇಮಿನ ರಿಮೋಟಿಗೆ ಸಿಕ್ಕಿಸುವ ಮೋಷನ್ ಪ್ಲಸ್ ಅನ್ನುವ ಭಾಗ ಬಿಚ್ಚಿ, ಅದರೊಳಗಿನ ಗೈರೊ ತೆಗೆದು ಡ್ರೋನಿಗೆ ಹಾಕಿದ್ದರು. ಆ ಸಾಫ್ಟ್‌ವೇರಿಗೆ ಮಲ್ಟಿವೀ ಅಂತ ಹೆಸರು ಬಂದದ್ದು ಅದರಿಂದಲೇ. ಅದರಿಂದ ಬೇಸ್‌ಫ್ಲೈಟ್ ಹುಟ್ಟಿತು, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ ಇವತ್ತಿನ ಬೀಟಾಫ್ಲೈಟ್. ಎಲ್ಲವೂ ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್. ಈ ಹವ್ಯಾಸ ಬೆಳೆದದ್ದು ಹೀಗೆ ಕೈಯಿಂದ ಕೈಗೆ.

ರಿಮೋಟ್ ಮತ್ತು ರಿಸೀವರ್ ಒಂದೇ ಭಾಷೆ ಆಡಬೇಕು. ಆ ಭಾಷೆಗಳಲ್ಲಿ ಇವತ್ತು ನಾನು ಹೊಸಬರಿಗೆ ಹೇಳುವುದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್. ಅದನ್ನೇ ಚಿಕ್ಕದಾಗಿ ಇಎಲ್‌ಆರ್‌ಎಸ್ ಅನ್ನುತ್ತಾರೆ. ಇದೂ ತೆರೆದ ಸಾಫ್ಟ್‌ವೇರ್, ಹಲವು ಕಂಪನಿಗಳ ರಿಮೋಟುಗಳಲ್ಲಿ ಒಳಗೇ ಸಿಗುತ್ತದೆ. 2.4 ಗಿಗಾಹರ್ಟ್ಸ್‌ನದು ತಗೊಂಡರೆ ಹವ್ಯಾಸಕ್ಕೆ ಬೇಕಾದ ದೂರ ಧಾರಾಳವಾಗಿ ಸಿಗುತ್ತದೆ.

ಎರಡನೇ ದಾರಿ ಕ್ಯಾಮೆರಾದಿಂದ ಶುರು. ಅದರ ಚಿತ್ರವನ್ನು ವಿಟಿಎಕ್ಸ್, ಅಂದರೆ ವಿಡಿಯೊ ಟ್ರಾನ್ಸ್‌ಮಿಟರ್, ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್‌ನಲ್ಲಿ ಗಾಗಲ್ಸ್‌ಗೆ ಕಳಿಸುತ್ತದೆ. ಇದು ನಾಜೂಕಿನ ದಾರಿ. ಗೋಡೆ, ದಪ್ಪ ಮರ, ಒದ್ದೆ ಎಲೆ ಅಡ್ಡ ಬಂದರೆ ಚಿತ್ರ ಸೊರಗುತ್ತದೆ. ನಿಮ್ಮ ತಲೆಯೇ ಅಡ್ಡ ಬಂದರೂ ಸೊರಗುತ್ತದೆ. ಹಾಗಾಗಿ ಡ್ರೋನ್ ಬೆನ್ನ ಹಿಂದೆ ಹಾರದ ಹಾಗೆ ನೋಡಿಕೊಳ್ಳಿ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಚಿತ್ರವೇ. ಸ್ಟಿಕ್ಕಿನ ಮಾತು ಆಗಲೂ ಡ್ರೋನಿಗೆ ಮುಟ್ಟುತ್ತಿರುತ್ತದೆ.

ಈ ದಾರಿಯಲ್ಲಿ ಎರಡು ಬಗೆ, ಅನಲಾಗ್ ಮತ್ತು ಡಿಜಿಟಲ್. ಅನಲಾಗ್‌ನಲ್ಲಿ ಚಿತ್ರ ಹಳೆಯ ಟಿವಿಯ ಹಾಗೆ ಮಸುಕು. ಆದರೆ ಸಿಗ್ನಲ್ ಕಡಿಮೆಯಾಗುತ್ತಾ ಬಂದಾಗ ಚುಕ್ಕಿ ಚುಕ್ಕಿಯಾಗಿ ಮುಂಚೆಯೇ ಎಚ್ಚರಿಸುತ್ತದೆ. ತೂಕ ಕಡಿಮೆ, ಖರ್ಚೂ ಕಡಿಮೆ. ಡಿಜಿಟಲ್‌ನಲ್ಲಿ ಎಲೆ ಎಲೆಯೂ ಕಾಣುತ್ತದೆ. ಆದರೆ ಸಿಗ್ನಲ್ ಕೆಟ್ಟಾಗ ಕೆಲವು ವ್ಯವಸ್ಥೆಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ಹಾಗೇ ನಿಂತುಬಿಡುತ್ತದೆ. ತಡವಾಗಿ ಬರುವ ಚಿತ್ರದ ಲೆಕ್ಕವನ್ನೂ ನೋಡಿ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಚಿತ್ರ 30 ಮಿಲಿಸೆಕೆಂಡ್ ತಡವಾದರೆ ನೀವು ನೋಡುವಷ್ಟರಲ್ಲಿ ಡ್ರೋನ್ 80 ಸೆಂಟಿಮೀಟರಿಗಿಂತ ಮುಂದೆ ಹೋಗಿರುತ್ತದೆ. ರೇಸ್ ಹಾರಿಸುವವರು ತಡ ಕಡಿಮೆ ಇರುವ ವ್ಯವಸ್ಥೆಯನ್ನೇ ಹುಡುಕುವುದು ಇದಕ್ಕೆ.

ಡಿಜೆಐ, ವಾಕ್‌ಸ್ನೇಲ್, ಎಚ್‌ಡಿಝೀರೊ ಇವು ಡಿಜಿಟಲ್ ವ್ಯವಸ್ಥೆಗಳು. ಒಂದರ ಗಾಗಲ್ಸ್‌ನಲ್ಲಿ ಸಾಮಾನ್ಯವಾಗಿ ಇನ್ನೊಂದರ ಚಿತ್ರ ಬರುವುದಿಲ್ಲ. ಗಾಗಲ್ಸ್ ಆರಿಸುವುದೇ ಈ ಹವ್ಯಾಸದ ದೊಡ್ಡ ನಿರ್ಧಾರ ಅಂತ ನಾನು ಹೇಳುವುದು ಅದಕ್ಕೆ. ಮುಂದೆ ಕೊಳ್ಳುವ ಪ್ರತಿ ಡ್ರೋನೂ ಅದಕ್ಕೆ ಹೊಂದಬೇಕು. ಕನ್ನಡಕ ಹಾಕುವವರು ಗಾಗಲ್ಸ್ ಒಳಗೆ ಪವರ್ ಹೊಂದಿಸಲು ಆಗುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು.

ಆಂಟೆನಾ ಬಗ್ಗೆ ಎರಡೇ ಮಾತು. ಆಂಟೆನಾ ಇಲ್ಲದೆ ವಿಟಿಎಕ್ಸ್‌ಗೆ ಕರೆಂಟ್ ಕೊಡಬೇಡಿ, ಸುಟ್ಟು ಹೋಗಬಹುದು. ಡ್ರೋನಿನ ಆಂಟೆನಾ ಬಲಸುರುಳಿಯದಾದರೆ, ಅಂದರೆ ಅಲೆಯನ್ನು ಬಲಕ್ಕೆ ಸುತ್ತಿಸುತ್ತಾ ಕಳಿಸುವ ಆರ್‌ಎಚ್‌ಸಿಪಿ ಬಗೆಯದಾದರೆ, ಗಾಗಲ್ಸ್‌ನದೂ ಬಲಸುರುಳಿಯದೇ ಇರಬೇಕು. ಬೆರಕೆಯಾದರೆ ಹತ್ತಿರದಲ್ಲೇ ಚಿತ್ರ ಸೊರಗುತ್ತದೆ.

ಸಿಮ್ಯುಲೇಟರಿನ ಒಂದು ತಿಂಗಳು

ರಿಮೋಟ್ ಯಾವುದಾದರೂ ಸರಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಆಗಿ ಸೇರುವಂಥದ್ದು ಇರಲಿ. ಮುಂದೆ ನಿಜವಾದ ಡ್ರೋನ್ ಹಾರಿಸಲೂ ಅದೇ ರಿಮೋಟ್ ಬಳಸುವ ಹಾಗಿರಲಿ. ವಿಡಿಯೊ ಗೇಮ್ ಆಡುವ ಗೇಮ್‌ಪ್ಯಾಡ್‌ನಲ್ಲಿ ಕಲಿಯಬೇಡಿ. ಅದರ ಸ್ಟಿಕ್ ಮೋಟು, ಎರಡೂ ನಡುವಿಗೆ ಎಗರುತ್ತವೆ. ಅದರಲ್ಲಿ ಪಳಗಿದ ಬೆರಳು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ಸಿಮ್ಯುಲೇಟರ್‌ಗಳಲ್ಲಿ ಲಿಫ್ಟ್‌ಆಫ್, ವೆಲಾಸಿಡ್ರೋನ್, ಅನ್‌ಕ್ರ್ಯಾಶ್ಡ್ ಎಲ್ಲವೂ ಚೆನ್ನಾಗಿವೆ. ಯಾವುದು ಅನ್ನುವುದು ದೊಡ್ಡ ಮಾತಲ್ಲ.

ಮೊದಲ ದಿನದಿಂದಲೇ ಆಕ್ರೊ. ಈ ವಿಷಯದಲ್ಲಿ ನಾನು ಹಟಮಾರಿ. ಆಂಗಲ್ ಮೋಡ್‌ನಲ್ಲಿ ಒಂದು ವಾರ ಹಾರಿಸಿದರೆ ಸ್ಟಿಕ್ ಬಿಟ್ಟಾಗ ನೇರವಾಗುತ್ತದೆ ಅನ್ನುವ ನಂಬಿಕೆ ಬೆರಳಿನಲ್ಲಿ ಕೂತುಬಿಡುತ್ತದೆ. ಅದನ್ನು ಅಳಿಸುವುದು ಕಷ್ಟ.

ಮೊದಲು ಒಂದೇ ಕಡೆ ನಿಲ್ಲಿಸಲು ಒದ್ದಾಡಬೇಡಿ. ಎಫ್‌ಪಿವಿ ಡ್ರೋನನ್ನು ನಿಲ್ಲಿಸುವುದು ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಹಾರಿಸುವುದಕ್ಕಿಂತ ಅದೇ ಕಷ್ಟ. ನಿಧಾನವಾಗಿ ಮುಂದಕ್ಕೆ ಹೋಗಿ. ದೊಡ್ಡ ಮೈದಾನದಲ್ಲಿ ಒಂದೇ ಎತ್ತರದಲ್ಲಿ ಸುತ್ತು ಹಾಕಿ. ಎಡಕ್ಕೆ ಸುತ್ತುವುದು ಸಲೀಸಾದ ಮೇಲೆ ಬಲಕ್ಕೆ. ಎಲ್ಲರಿಗೂ ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ. ಕಷ್ಟವಾದ ಕಡೆಗೇ ಜಾಸ್ತಿ ಸುತ್ತಿ. ಆಮೇಲೆ ಎರಡು ಮರದ ನಡುವೆ ಇಂಗ್ಲಿಷ್ ಎಂಟರ ಆಕಾರದಲ್ಲಿ. ಆಮೇಲೆ ಗೇಟಿನೊಳಗೆ ನುಗ್ಗುವುದು. ಪಲ್ಟಿಗೆ ಆತುರ ಬೇಡ. ಪಲ್ಟಿ ಹೊಡೆಯುವುದು ಸುಲಭ, ಹೊಡೆದ ಮೇಲೆ ಎಲ್ಲಿದ್ದೀರಿ ಅಂತ ತಿಳಿಯುವುದು ಕಷ್ಟ. ರಜೆಯ ದಿನ ಒಂದೇ ಸಲ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಕೂತರೆ ಬೇಗ ಕೈ ಹತ್ತುತ್ತದೆ.

ಇಷ್ಟಾದರೂ ಸಿಮ್ಯುಲೇಟರ್ ಕೊಡದೇ ಇರುವುದು ಒಂದಿದೆ. ಭಯ. ನಿಜವಾದ ಡ್ರೋನ್ ಮೇಲೆದ್ದಾಗ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಅದು ಹಾರಿಸುತ್ತಾ ಹಾರಿಸುತ್ತಾ ಹೋಗಬೇಕು, ಅಷ್ಟೇ.

ಮೊದಲ ಡ್ರೋನ್ ಚಿಕ್ಕದಿರಲಿ

ಈಗ ಡ್ರೋನ್. ಮೊದಲನೆಯದು ವೂಪ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ವೂಪ್ ಅಂದರೆ ಅಂಗೈ ಮೇಲೆ ಕೂರುವ ಡ್ರೋನ್. ಕರ್ಣದ ಎರಡು ಮೋಟಾರುಗಳ ನಡುವೆ 65 ಅಥವಾ 75 ಮಿಲಿಮೀಟರ್. ತೂಕ ನೂರು ಗ್ರಾಂಗಿಂತ ಬಹಳ ಕಡಿಮೆ. ರೆಕ್ಕೆಗಳ ಸುತ್ತ ಪ್ಲಾಸ್ಟಿಕ್ ಬಳೆ ಇರುತ್ತದೆ. ಗೋಡೆಗೆ ಬಡಿದರೂ ಪುಟಿದು ಮುಂದೆ ಹೋಗುತ್ತದೆ. ಒಂದು ಬ್ಯಾಟರಿಗೆ ಮೂರ್ನಾಲ್ಕು ನಿಮಿಷ ಹಾರಾಟ. ಮನೆಯೊಳಗೆ ಕುರ್ಚಿಯ ಕಾಲುಗಳ ನಡುವೆ, ಮೇಜಿನ ಕೆಳಗೆ ಹಾರಿಸಬಹುದು. ಚಾವಣಿಗೆ ತೀರಾ ಹತ್ತಿರ ಹೋದರೆ ಮಾತ್ರ ಎಚ್ಚರ. ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿ ಅದು ಚಾವಣಿಗೇ ಅಂಟಿಕೊಳ್ಳಲು ನೋಡುತ್ತದೆ. ಅಂಗಾತ ಬಿದ್ದರೆ ಟರ್ಟಲ್ ಮೋಡ್ ಇದೆ. ಮೋಟಾರುಗಳನ್ನು ಎದುರು ದಿಕ್ಕಿಗೆ ತಿರುಗಿಸಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ನೀವು ಗಾಗಲ್ಸ್ ತೆಗೆದು ಎದ್ದು ಹೋಗಬೇಕಾಗಿಲ್ಲ.

ವಿಡಿಯೊಗಳಲ್ಲಿ ಕಾಣುವ, ಕಟ್ಟಡದಿಂದ ಧುಮುಕುವ ಡ್ರೋನುಗಳು ಹೆಚ್ಚಾಗಿ ಐದಿಂಚಿನವು. ಐದಿಂಚು ಅನ್ನುವುದು ರೆಕ್ಕೆಯ ಅಳತೆ. ಅವುಗಳ ರೆಕ್ಕೆ ನಿಮಿಷಕ್ಕೆ 20 ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು. ಬೆರಳು ಸಿಕ್ಕರೆ ಆಳವಾದ ಗಾಯ ಖಂಡಿತ. ಅದು ಆಟಿಕೆ ಅಲ್ಲವೇ ಅಲ್ಲ. ಮೇಜಿನ ಮೇಲೆ ಇಟ್ಟು ಬ್ಯಾಟರಿ ಸಿಕ್ಕಿಸಿ ಏನೇ ಕೆಲಸ ಮಾಡುವುದಿದ್ದರೂ ಮೊದಲು ರೆಕ್ಕೆ ಬಿಚ್ಚಿ. ಎರಡು ನಿಮಿಷದ ಕೆಲಸ ಅಂತ ಬಿಟ್ಟವರ ಕೈಯಲ್ಲೇ ಕಲೆ ಉಳಿದಿರುತ್ತದೆ. ರೆಕ್ಕೆ ಬಿಚ್ಚಿದಾಗಲೇ ಫೇಲ್‌ಸೇಫ್ ಕೂಡ ಪರೀಕ್ಷಿಸಿ. ಮೋಟಾರ್ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿದರೆ ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಆ ಡ್ರೋನ್ ಹಾರಿಸುವ ಹಾಗಿಲ್ಲ.

ಸಿದ್ಧ ಡ್ರೋನ್ ಕೊಳ್ಳುವುದೋ, ತಾನೇ ಜೋಡಿಸುವುದೋ? ಮೊದಲನೆಯದು ಸಿದ್ಧವಾದದ್ದೇ ಇರಲಿ. ಆದರೆ ಬೆಸುಗೆ ಕಲಿಯುವುದನ್ನು ಮುಂದೂಡಬೇಡಿ. ದೊಡ್ಡ ಡ್ರೋನಿಗೆ ಬಂದ ಮೇಲೆ ಯಾವುದಾದರೂ ತಂತಿ ಕಿತ್ತೇ ಕೀಳುತ್ತದೆ. ಬೆಸೆದ ಮೇಲೆ ಮೊದಲ ಸಲ ಬ್ಯಾಟರಿ ಕೊಡುವಾಗ ಸ್ಮೋಕ್ ಸ್ಟಾಪರ್ ಅನ್ನುವ ಸಣ್ಣ ಉಪಕರಣವನ್ನು ನಡುವೆ ಸಿಕ್ಕಿಸಿ. ಎಲ್ಲಾದರೂ ಶಾರ್ಟ್ ಆಗಿದ್ದರೆ ಅದು ಕರೆಂಟನ್ನು ತಡೆದು ಭಾಗಗಳನ್ನು ಉಳಿಸುತ್ತದೆ.

ಬ್ಯಾಟರಿಯನ್ನು ಹಗುರವಾಗಿ ನೋಡಬೇಡಿ

ಈ ಡ್ರೋನುಗಳಲ್ಲಿರುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಚಿಕ್ಕದಾದರೂ ಒಳಗಿರುವ ಶಕ್ತಿ ದೊಡ್ಡದು. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 1ಎಸ್ ಅಂದರೆ ಒಂದು ಸೆಲ್, 6ಎಸ್ ಅಂದರೆ ಆರು. ಹಾರಾಟದಲ್ಲಿ ಗಾಗಲ್ಸ್ ಒಳಗೆ ವೋಲ್ಟೇಜ್ ಕಾಣುತ್ತಿರುತ್ತದೆ. ಸೆಲ್ಲಿಗೆ 3.5ಕ್ಕೆ ಬಂದಾಗ ಇಳಿಸಿ. ಪೂರ್ತಿ ಬಸಿದರೆ ಬ್ಯಾಟರಿ ಕೆಡುತ್ತದೆ. ತುಂಬಿಸಿ ವಾರಗಟ್ಟಲೆ ಇಟ್ಟರೂ ಕೆಡುತ್ತದೆ. ಎರಡು ಮೂರು ದಿನ ಹಾರಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟ್‌ಗೆ ತಂದಿಡಿ. ಒಳ್ಳೆಯ ಚಾರ್ಜರ್‌ನಲ್ಲಿ ಇದಕ್ಕೆಂದೇ ಸ್ಟೋರೇಜ್ ಆಯ್ಕೆ ಇರುತ್ತದೆ.

ಚಾರ್ಜ್ ಮಾಡುವುದು 1ಸಿ ವೇಗದಲ್ಲಿ, ಅಂದರೆ ಖಾಲಿ ಬ್ಯಾಟರಿ ಸುಮಾರು ಒಂದು ಗಂಟೆಯಲ್ಲಿ ತುಂಬುವ ವೇಗದಲ್ಲಿ. 1300 ಎಂಎಎಚ್ ಬ್ಯಾಟರಿಗೆ 1.3 ಆಂಪಿಯರ್. ಚಾರ್ಜ್ ಆಗುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ, ಮಲಗಬೇಡಿ. ಊದಿಕೊಂಡ, ತೂತಾದ, ಜಜ್ಜಿದ ಬ್ಯಾಟರಿಗೆ ಮತ್ತೆ ಚಾರ್ಜ್ ಬೇಡವೇ ಬೇಡ. ಲಿಪೊ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ.

ಮೊದಲ ಸಲ ಬಯಲಿಗೆ

ಹೊರಗೆ ಹೋಗುವ ಮುಂಚೆ ನಿಮ್ಮಲ್ಲಿನ ನಿಯಮ ಓದಿ. ಅವು ದೇಶದಿಂದ ದೇಶಕ್ಕೆ ಬೇರೆ. ಹಲವು ಕಡೆ 250 ಗ್ರಾಂ ಅನ್ನುವುದು ಒಂದು ಗೆರೆ, ಅದರ ಮೇಲೆ ನಿಯಮ ಬಿಗಿಯಾಗುತ್ತವೆ. ಗಾಗಲ್ಸ್ ಹಾಕಿದವರಿಗೆ ಸುತ್ತಲಿನದು ಕಾಣುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಒಬ್ಬರು ಬರಿಗಣ್ಣಿನಿಂದ ಡ್ರೋನ್ ನೋಡುತ್ತಾ ನಿಂತಿರಬೇಕು ಅಂತ ಹಲವು ದೇಶಗಳ ನಿಯಮ ಹೇಳುತ್ತದೆ. ನಿಯಮ ಇಲ್ಲದಿದ್ದರೂ ನಿಲ್ಲಿಸಿಕೊಳ್ಳಿ. ಯಾರಾದರೂ ನಡೆದು ಬಂದರೆ, ನಾಯಿ ಓಡಿ ಬಂದರೆ, ಮೇಲೆ ಹೆಲಿಕಾಪ್ಟರ್ ಸದ್ದಾದರೆ ಹೇಳುವವರು ಅವರೇ. ಜನ ಇರುವ ಕಡೆ, ವಿಮಾನ ನಿಲ್ದಾಣದ ಹತ್ತಿರ ಬೇಡ.

ಬೇರೆಯವರೂ ಹಾರಿಸುತ್ತಿದ್ದರೆ ಕೇಳದೆ ಬ್ಯಾಟರಿ ಸಿಕ್ಕಿಸಬೇಡಿ. ನಿಮ್ಮ ವಿಟಿಎಕ್ಸ್ ಅವರ ಚಾನೆಲ್ಲಿನಲ್ಲಿ ಎದ್ದರೆ ಅವರ ಗಾಗಲ್ಸ್‌ನಲ್ಲಿ ಇದ್ದಕ್ಕಿದ್ದಂತೆ ನಿಮ್ಮ ಶೂ ಕಾಣುತ್ತದೆ, ಅವರ ಡ್ರೋನ್ ಬೀಳುತ್ತದೆ. ಯಾರು ಯಾವ ಚಾನೆಲ್ ಅಂತ ಮೊದಲೇ ಮಾತಾಡಿಕೊಳ್ಳಿ.

ಮೊದಲ ಬ್ಯಾಟರಿಯಲ್ಲಿ ಏನೂ ಸಾಹಸ ಬೇಡ. ಮೇಲೆದ್ದು, ಸಿಮ್ಯುಲೇಟರಿನಲ್ಲಿ ಹಾಕಿದ ಅದೇ ಸುತ್ತು ಹಾಕಿ. ಹುಲ್ಲಿನ ಮೇಲೆ, ತಲೆಗಿಂತ ಸಾಕಷ್ಟು ಎತ್ತರದಲ್ಲಿ. ಬೀಳುತ್ತದೆ ಅನ್ನಿಸಿದ ಕ್ಷಣ ಮೋಟಾರುಗಳನ್ನು ನಿಲ್ಲಿಸುವ ಡಿಸಾರ್ಮ್ ಸ್ವಿಚ್ ಒತ್ತಿ. ನಿಂತ ರೆಕ್ಕೆ ಮುರಿಯುವುದು ಕಡಿಮೆ, ಸಿಕ್ಕಿಕೊಂಡು ತಿರುಗಲು ಒದ್ದಾಡುವ ಮೋಟಾರ್ ಸುಡುವುದು ಬೇಗ. ಈ ಸ್ವಿಚ್ಚಿನ ಅಭ್ಯಾಸವನ್ನು ಸಿಮ್ಯುಲೇಟರಿನಲ್ಲೇ ಮಾಡಿಕೊಂಡಿರಿ.

ಬಿದ್ದ ಮೇಲೆ ಗಾಗಲ್ಸ್ ಆಫ್ ಮಾಡಿ ಓಡಬೇಡಿ. ಚಿತ್ರ ಇನ್ನೂ ಬರುತ್ತಿದ್ದರೆ ಅದನ್ನು ನೋಡಿ. ಹುಲ್ಲು ಕಾಣುತ್ತದೋ, ಆಕಾಶವೋ, ಕೊಂಬೆಯೋ? ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ, ಕೊನೆಯ ಐದು ಸೆಕೆಂಡಿನಲ್ಲಿ ಯಾವ ಮರ ಎಡಕ್ಕಿತ್ತು ಅಂತ ಗುರುತು ಹಿಡಿಯಿರಿ. ಆಮೇಲೆ ರಿಮೋಟಿನಲ್ಲಿ, ಡ್ರೋನ್ ಬೀಪ್ ಬೀಪ್ ಅಂತ ಕೂಗುವ ಹಾಗೆ ಮಾಡುವ ಬೀಪರ್ ಸ್ವಿಚ್ ಹಾಕಿ, ಆ ಕಡೆಗೆ ನಡೆಯಿರಿ, ಹತ್ತು ಹೆಜ್ಜೆಗೊಮ್ಮೆ ನಿಂತು ಕಿವಿಗೊಡಿ. ಎತ್ತರದ ಹುಲ್ಲಿನಲ್ಲಿ ಡ್ರೋನ್ ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಸಿಗುತ್ತದೆ.